ಮಗನ ಮೇಲೆ ಕೇಸಾದಾಗ: ಸ್ಟೇಷನ್ನಿನ ಮೊದಲ ದಿನದಿಂದ ಮತ್ತೆ ಶಾಲೆ ಸೇರುವವರೆಗೆ

ಹದಿನೆಂಟು ತುಂಬದ ಮಗನನ್ನೋ ಮಗಳನ್ನೋ ಪೊಲೀಸರು ಕರೆದುಕೊಂಡು ಹೋದರೆ ಮನೆಯವರು ಮೊದಲು ಓಡುವುದು ಪರಿಚಯದ ಮುಖಂಡರ ಬಳಿಗೆ, ಆಮೇಲೆ ವಕೀಲರ ಬಳಿಗೆ. ಇಬ್ಬರನ್ನೂ ನೋಡಿ ಮನೆಗೆ ಬರುವಷ್ಟರಲ್ಲಿ ಅರ್ಧ ದಿನ ಕಳೆದಿರುತ್ತದೆ, ಸ್ಟೇಷನ್ನಿನಲ್ಲಿ ಮಗು ಒಂಟಿಯಾಗಿ ಕೂತಿರುತ್ತದೆ. ಬಾಲ ನ್ಯಾಯ (ಮಕ್ಕಳ ಆರೈಕೆ ಮತ್ತು ರಕ್ಷಣೆ) ಕಾಯ್ದೆ 2015 ದೊಡ್ಡವರ ಕೋರ್ಟಿನ ಲೆಕ್ಕದಲ್ಲಿ ನಡೆಯುವುದಿಲ್ಲ. ಅಲ್ಲಿ ಹುಡುಗ ಏನು ಮಾಡಿದ ಎಂಬುದರ ಜೊತೆಗೆ ಅವನ ಮನೆ ಹೇಗಿದೆ, ನಾಳೆ ಅವನನ್ನು ಯಾರು ನೋಡಿಕೊಳ್ಳುತ್ತಾರೆ ಎಂಬುದನ್ನೂ ತೂಗುತ್ತಾರೆ. ಮೊದಲನೆಯದಕ್ಕೆ ಉತ್ತರ ಕೊಡಲು ವಕೀಲರಿದ್ದಾರೆ. ಎರಡನೆಯದಕ್ಕೆ ಉತ್ತರ ಮನೆಯವರೇ ಕೊಡಬೇಕು. ಬಹುತೇಕ ಪ್ರಕರಣಗಳಲ್ಲಿ ಹುಡುಗನ ಮುಂದಿನ ದಾರಿಯನ್ನು ತೀರ್ಮಾನಿಸುವುದೂ ಅದೇ.

ಸ್ಟೇಷನ್ನಿನಲ್ಲಿ

ಅಪ್ಪ ಅಮ್ಮ ಇಬ್ಬರಲ್ಲಿ ಒಬ್ಬರು ತಕ್ಷಣ ಸ್ಟೇಷನ್ನಿಗೆ ಹೋಗಿ. ವಕೀಲರನ್ನು ಹುಡುಕುವ ಕೆಲಸ ಇನ್ನೊಬ್ಬರಿಗಿರಲಿ. ಹೋದವರು ‘ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿ ಯಾರು’ ಎಂದು ಕೇಳಬೇಕು. ಕಾಯ್ದೆಯ 107ನೇ ಕಲಂ ಪ್ರಕಾರ ಪ್ರತಿ ಠಾಣೆಯಲ್ಲೂ ಎಎಸ್‌ಐ ದರ್ಜೆಗೆ ಕಡಿಮೆಯಿಲ್ಲದ ಒಬ್ಬರನ್ನು ಈ ಕೆಲಸಕ್ಕೆ ಗೊತ್ತುಮಾಡಿರಬೇಕು. ಮಗುವಿನ ಜೊತೆ ಮಾತಾಡಬೇಕಾದವರು ಅವರು, ಅದೂ ಮಫ್ತಿಯಲ್ಲಿ. ಹೀಗೆ ಹೆಸರು ಹಿಡಿದು ಕೇಳಿದರೆ, ಇವರಿಗೆ ಕಾನೂನು ಗೊತ್ತಿದೆ ಎಂಬ ಸುಳಿವು ಸಿಕ್ಕಿ ಠಾಣೆಯ ಧಾಟಿಯೂ ಬದಲಾಗುತ್ತದೆ.

ಮಗುವನ್ನು ಲಾಕಪ್ಪಿಗೆ ಹಾಕುವಂತಿಲ್ಲ, ಜೈಲಿಗಂತೂ ಇಲ್ಲವೇ ಇಲ್ಲ. ಬೇಡಿ ತೊಡಿಸುವಂತಿಲ್ಲ, ಹೊಡೆಯುವಂತಿಲ್ಲ, ತಪ್ಪೊಪ್ಪಿಕೊಳ್ಳಲು ಒತ್ತಾಯಿಸುವಂತಿಲ್ಲ. ಈ ಕಾಯ್ದೆಯಡಿ ಕೇಂದ್ರ ಸರ್ಕಾರ ಮಾಡಿದ 2016ರ ಮಾದರಿ ನಿಯಮಗಳು ಇನ್ನೂ ಒಂದು ಮಾತು ಹೇಳುತ್ತವೆ: ಯಾವುದೇ ಹೇಳಿಕೆಗೆ ಮಗುವಿನ ಸಹಿ ಕೇಳಬಾರದು. ಮನೆಯವರು ಎಡವುವುದು ಇಲ್ಲೇ. ‘ಒಂದು ಸಹಿ ಹಾಕಿಸಿಬಿಡಿ, ಬೆಳಿಗ್ಗೆ ಕಳಿಸ್ತೀವಿ’ ಎಂಬ ಮಾತಿಗೆ ಅಪ್ಪನೇ ಮಗನ ಕೈಗೆ ಪೆನ್ನು ಕೊಡುತ್ತಾರೆ. ಕೊಡಬೇಡಿ. ನಿಮ್ಮ ಸಹಿ ಬೇಕಿದ್ದರೆ ಪೂರ್ತಿ ಓದಿ, ಖಾಲಿ ಜಾಗಕ್ಕೆ ಅಡ್ಡಗೆರೆ ಎಳೆದು, ದಿನಾಂಕ ಮತ್ತು ಗಂಟೆ ಬರೆದು ಸಹಿ ಮಾಡಿ.

ವಶಕ್ಕೆ ಪಡೆದ ಹೊತ್ತಿನಿಂದ 24 ಗಂಟೆಯೊಳಗೆ ಮಗುವನ್ನು ಮಕ್ಕಳ ಮೇಲಿನ ಕೇಸು ವಿಚಾರಿಸುವ ಬಾಲ ನ್ಯಾಯ ಮಂಡಳಿಯ ಮುಂದೆ ಹಾಜರುಪಡಿಸಬೇಕು. ಪ್ರಯಾಣದ ಹೊತ್ತು ಮಾತ್ರ ಈ ಲೆಕ್ಕಕ್ಕೆ ಬರುವುದಿಲ್ಲ. ಭಾನುವಾರ, ರಜೆ, ಮಂಡಳಿ ಕೂತಿಲ್ಲ ಎಂಬುದು ನೆಪವಾಗದು: ಮಂಡಳಿಯ ಒಬ್ಬ ಸದಸ್ಯರ ಮುಂದೆ ಹಾಜರುಪಡಿಸಿದರೂ ಸಾಕು ಎಂದು 7ನೇ ಕಲಂ ಹೇಳುತ್ತದೆ. ಹುಡುಗನನ್ನು ಕರೆದೊಯ್ದ ಗಂಟೆಯನ್ನು ಒಂದು ಚೀಟಿಯಲ್ಲಿ ಬರೆದಿಡಿ, ಮನೆಯಲ್ಲಿದ್ದ ಇನ್ನೊಬ್ಬರಿಗೆ ಮೆಸೇಜ್ ಮಾಡಿಡಿ. ‘ನಿನ್ನೆ ರಾತ್ರಿ’ ಎಂಬುದು ಕಾಗದದ ಮೇಲೆ ‘ಇವತ್ತು ಬೆಳಿಗ್ಗೆ’ ಆದಾಗ ಆ ಮೆಸೇಜು ಕೆಲಸಕ್ಕೆ ಬರುತ್ತದೆ.

ಸಣ್ಣ ಅಥವಾ ಗಂಭೀರ ದರ್ಜೆಯ (ದರ್ಜೆಗಳ ವಿವರ ಮುಂದಿದೆ) ಆರೋಪವಾಗಿದ್ದು, ಜೊತೆಯಲ್ಲಿ ವಯಸ್ಕರು ಇಲ್ಲದಿದ್ದರೆ ಎಫ್‌ಐಆರ್ ಬೇಡ, ಠಾಣಾ ದಿನಚರಿಯಲ್ಲಿ ದಾಖಲಿಸಿ ನಮೂನೆ 1ರ ಸಾಮಾಜಿಕ ಹಿನ್ನೆಲೆ ವರದಿಯನ್ನು ಮಂಡಳಿಗೆ ಕಳಿಸಿದರೆ ಸಾಕು ಎನ್ನುತ್ತದೆ ಮಾದರಿ ನಿಯಮ 8. ಮಗುವಿನ ಹಿತಕ್ಕೆ ಬೇಕೇಬೇಕು ಅನ್ನಿಸದ ಹೊರತು ಇಂಥ ಪ್ರಕರಣದಲ್ಲಿ ವಶಕ್ಕೆ ಪಡೆಯುವ ಅಗತ್ಯವೂ ಇಲ್ಲ. ಹಾಗಿದ್ದರೂ ಎಫ್‌ಐಆರ್ ಹಾಕುವ ಠಾಣೆಗಳುಂಟು. ಅಲ್ಲಿ ಜಗಳಕ್ಕೆ ನಿಲ್ಲಬೇಡಿ, ಪ್ರತಿ ಕೇಳಿ ಪಡೆದುಕೊಳ್ಳಿ, ಮಿಕ್ಕಿದ್ದನ್ನು ಮಂಡಳಿಯ ಮುಂದೆ ಎತ್ತಿದರಾಯಿತು.

ವಕೀಲರಿಗೆ ದುಡ್ಡಿಲ್ಲ ಎಂದು ಕೈಕಟ್ಟಿ ಕೂರಬೇಕಿಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಡಿ ಎಲ್ಲ ಮಕ್ಕಳಿಗೂ ಉಚಿತ ವಕೀಲರು ಸಿಗುತ್ತಾರೆ, ಅಪ್ಪನ ಆದಾಯ ಎಷ್ಟೆಂದು ಯಾರೂ ಕೇಳುವಂತಿಲ್ಲ. ಜಿಲ್ಲಾ ನ್ಯಾಯಾಲಯದ ಆವರಣದಲ್ಲಿರುವ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಿ, ಇಲ್ಲವೇ 15100ಕ್ಕೆ ಕರೆ ಮಾಡಿ. ಮಗುವಿಗೆ ಏಟು ಬಿದ್ದಿದೆ, ನೋಡಲು ಬಿಡುತ್ತಿಲ್ಲ ಎಂದಾದರೆ ಮಕ್ಕಳ ಸಹಾಯವಾಣಿ 1098. ಸ್ವಂತ ವಕೀಲರನ್ನು ಇಟ್ಟುಕೊಳ್ಳುವುದಾದರೆ ಹೆಸರುವಾಸಿ ಕ್ರಿಮಿನಲ್ ವಕೀಲರಿಗಿಂತ ಬಾಲ ನ್ಯಾಯ ಮಂಡಳಿಗೆ ವಾರವಾರ ಹೋಗಿ ಬರುವವರು ಮೇಲು. ದೊಡ್ಡ ಕೋರ್ಟಿನ ರೂಢಿಯಲ್ಲಿ ವಾಯಿದೆ ಮೇಲೆ ವಾಯಿದೆ ಕೇಳುತ್ತಾ ಹೋದರೆ ಇಲ್ಲಿ ಹುಡುಗನಿಗೇ ನಷ್ಟ.

ವಯಸ್ಸಿನ ಕಾಗದ

ಲೆಕ್ಕಕ್ಕೆ ಬರುವುದು ಘಟನೆ ನಡೆದ ದಿನದ ವಯಸ್ಸು, ಹಿಡಿದ ದಿನದ್ದಲ್ಲ. ಹದಿನೇಳೂವರೆಗೆ ನಡೆದ ಜಗಳಕ್ಕೆ ಹತ್ತೊಂಬತ್ತರಲ್ಲಿ ಹಿಡಿದರೂ ಪ್ರಕರಣ ಮಂಡಳಿಗೇ ಹೋಗಬೇಕು. ದಾಖಲೆಗಳ ಸರದಿಯನ್ನು 94ನೇ ಕಲಂ ನಿಗದಿಮಾಡಿದೆ. ಮೊದಲು ಶಾಲೆಯ ಜನ್ಮದಿನಾಂಕ ಪ್ರಮಾಣಪತ್ರ ಅಥವಾ ಎಸ್ಸೆಸ್ಸೆಲ್ಸಿ ಅಂಕಪಟ್ಟಿ. ಅದಿಲ್ಲದಿದ್ದರೆ ನಗರಸಭೆ ಅಥವಾ ಪಂಚಾಯಿತಿ ಕೊಟ್ಟ ಜನನ ಪ್ರಮಾಣಪತ್ರ. ಎರಡೂ ಇಲ್ಲದಿದ್ದರೆ ಮಾತ್ರ ಮೂಳೆ ಪರೀಕ್ಷೆ. ಅದನ್ನು ಆದೇಶವಾದ 15 ದಿನದೊಳಗೆ ಮುಗಿಸಬೇಕು.

ಆಧಾರ್ ಕಾರ್ಡ್ ಹಿಡಿದು ಹೋಗುವವರೇ ಹೆಚ್ಚು. ಅದು ಗುರುತಿನ ಚೀಟಿ, ಹುಟ್ಟಿದ ದಿನಾಂಕಕ್ಕೆ ಪುರಾವೆಯಲ್ಲ ಎಂದು ಸುಪ್ರೀಂ ಕೋರ್ಟ್ 2024ರಲ್ಲಿ ಹೇಳಿದೆ. ಬರೀ ಟಿ.ಸಿ. ಕೂಡ ಸಾಲದು. ಎಸ್ಸೆಸ್ಸೆಲ್ಸಿಗೆ ಬಾರದ ಮಗುವಾದರೆ ಮುಖ್ಯೋಪಾಧ್ಯಾಯರಿಂದ ಶಾಲೆಯ ಮುದ್ರೆಯುಳ್ಳ ಜನ್ಮದಿನಾಂಕ ಪ್ರಮಾಣಪತ್ರ ಬರೆಸಿಕೊಳ್ಳಿ, ಒಂದನೇ ತರಗತಿಗೆ ಸೇರಿಸಿದಾಗಿನ ದಾಖಲಾತಿ ಪುಸ್ತಕದ ನಕಲನ್ನೂ ಜೊತೆಗಿಡಿ. ನಮ್ಮಲ್ಲಿ ಶಾಲೆಗೆ ಸೇರಿಸುವಾಗ ಅಂದಾಜಿಗೆ ‘ಜೂನ್ 1’ ಎಂದು ಬರೆಸಿದ ಮಕ್ಕಳಿಗೆ ಲೆಕ್ಕವಿಲ್ಲ. ಆ ತಪ್ಪು ತಾರೀಖಿನಿಂದ ಹುಡುಗ ಕಾಗದದ ಮೇಲೆ ಹದಿನೆಂಟು ದಾಟಿದ್ದರೆ, ಶಾಲೆಯ ದಾಖಲೆಗೇ ಮೊದಲ ಮಾನ್ಯತೆ ಇರುವುದರಿಂದ ಜನನ ಪ್ರಮಾಣಪತ್ರ ತಾನಾಗಿ ಗೆಲ್ಲುವುದಿಲ್ಲ. ಎರಡನ್ನೂ ಸಲ್ಲಿಸಿ, ವ್ಯತ್ಯಾಸ ಹೇಗೆ ಬಂತೆಂದು ವಕೀಲರ ಮೂಲಕ ಲಿಖಿತವಾಗಿ ವಿವರಿಸಬೇಕು.

ಕೆಲವು ಮನೆಯವರು ‘ರಿಮ್ಯಾಂಡ್ ಹೋಂ’ ಹೆದರಿಕೆಗೆ ವಯಸ್ಸು ಹತ್ತೊಂಬತ್ತು ಎಂದು ತಾವೇ ಹೇಳಿಬಿಡುತ್ತಾರೆ. ಇದಕ್ಕಿಂತ ದುಬಾರಿ ಸುಳ್ಳು ಇನ್ನೊಂದಿಲ್ಲ: ಹುಡುಗ ನೇರ ಜೈಲಿಗೆ, ವಯಸ್ಕ ಕೈದಿಗಳ ನಡುವೆ. ಹೀಗಾಗಿಹೋಗಿದ್ದರೆ 9ನೇ ಕಲಂ ಅಡಿ ಅರ್ಜಿ ಹಾಕಿ. ಯಾವ ನ್ಯಾಯಾಲಯದಲ್ಲಿ, ಯಾವ ಹಂತದಲ್ಲಿ, ತೀರ್ಪು ಬಂದ ಮೇಲೂ ಈ ಹಕ್ಕು ಮಂಡಿಸಬಹುದು.

ಆರೋಪ ಯಾವ ದರ್ಜೆಯದು

ವಕೀಲರನ್ನು ಮೊದಲ ದಿನವೇ ಕೇಳಬೇಕಾದ ಪ್ರಶ್ನೆ ಇದು, ಏಕೆಂದರೆ ಮುಂದಿನದ್ದೆಲ್ಲ ಇದರ ಮೇಲೆ ನಿಂತಿದೆ. ಗರಿಷ್ಠ ಶಿಕ್ಷೆ 3 ವರ್ಷದವರೆಗೆ ಇರುವುದು ಸಣ್ಣ ಅಪರಾಧ. ಮಾಮೂಲು ಕಳ್ಳತನ ಇಲ್ಲಿ ಬರುತ್ತದೆ. ಕನಿಷ್ಠ ಶಿಕ್ಷೆಯೇ 7 ವರ್ಷ ಅಥವಾ ಅದಕ್ಕಿಂತ ಹೆಚ್ಚು ಇರುವುದು ಘೋರ ಅಪರಾಧ, ಕೊಲೆ ಇಲ್ಲಿಗೆ. ನಡುವಿನದು ಗಂಭೀರ. ಗರಿಷ್ಠ ಶಿಕ್ಷೆ 7 ವರ್ಷ ಮೀರಿದ್ದು ಕನಿಷ್ಠ ಶಿಕ್ಷೆ ನಿಗದಿಯಾಗಿರದ ಅಪರಾಧಗಳು ಎಲ್ಲಿಗೆ ಸೇರಬೇಕೆಂಬ ಗೊಂದಲ ಬಹುಕಾಲ ಇತ್ತು. 2020ರಲ್ಲಿ ಸುಪ್ರೀಂ ಕೋರ್ಟ್, ಆಮೇಲೆ 2021ರ ತಿದ್ದುಪಡಿ ಇವನ್ನು ಗಂಭೀರದ ಗುಂಪಿಗೆ ಹಾಕಿದವು. ಕೊಲೆ ಯತ್ನ ಈ ಜಾತಿಯದು. ಹಳೆಯ ಅಭ್ಯಾಸದಲ್ಲಿ ಯಾರಾದರೂ ಅದನ್ನು ‘ಘೋರ’ ಎಂದು ಬರೆದಿದ್ದರೆ ತಕ್ಷಣ ಆಕ್ಷೇಪಿಸಬೇಕು.

ಗಾಂಜಾ ಕೇಸಿನಲ್ಲಿ ತೂಕವೇ ದರ್ಜೆ. ಒಂದು ಕಿಲೋವರೆಗೆ ಸಣ್ಣ ಪ್ರಮಾಣ, ಗರಿಷ್ಠ ಶಿಕ್ಷೆ ಒಂದು ವರ್ಷ. 20 ಕಿಲೋ ದಾಟಿದರೆ ಕನಿಷ್ಠವೇ 10 ವರ್ಷ, ಅಂದರೆ ಘೋರ. ಹುಡುಗನ ಕೈಗೆ ಬ್ಯಾಗು ಕೊಟ್ಟು ಸಾಗಿಸಲು ಹೇಳಿದ ವಯಸ್ಕ ಇದ್ದರೆ ಅದನ್ನು ಮೊದಲೇ ಹೇಳಿ. ಮಗುವನ್ನು ಮಾದಕ ವಸ್ತು ಸಾಗಿಸಲು ಬಳಸುವುದು 78ನೇ ಕಲಂ ಅಡಿ ಬೇರೆಯೇ ಅಪರಾಧ, ಮತ್ತು ಹುಡುಗನ ಸ್ಥಿತಿಯನ್ನು ಮಂಡಳಿ ನೋಡುವ ಬಗೆಯೂ ಅದರಿಂದ ಬದಲಾಗುತ್ತದೆ.

ಮನೆಯವರಿಗೆ ಹೊಡೆತ ಕೊಡುವುದು ಪ್ರೀತಿ ಪ್ರಕರಣ. ಹದಿನೇಳರ ಹುಡುಗ, ಹದಿನಾರರ ಹುಡುಗಿ, ಊರು ಬಿಟ್ಟು ಎರಡು ದಿನ. ಮಕ್ಕಳ ಮೇಲಿನ ಲೈಂಗಿಕ ಅಪರಾಧಗಳ ಕಾಯ್ದೆ ಪೋಕ್ಸೊ, ಅದರ 4ನೇ ಕಲಂನಲ್ಲಿ ಕನಿಷ್ಠ ಶಿಕ್ಷೆ 10 ವರ್ಷ, ಹುಡುಗಿಗೆ ಹದಿನಾರು ತುಂಬಿಲ್ಲದಿದ್ದರೆ 20. ಹೀಗೆ ಕೇಸು ಸೀದಾ ಘೋರದ ಸಾಲಿಗೆ ಬರುತ್ತದೆ. ಇಲ್ಲಿ ಹಿರಿಯರು ಕೂತು ‘ಮದುವೆ ಮಾಡಿ ಮುಗಿಸೋಣ’ ಎಂದರೆ ಬಾಲ್ಯವಿವಾಹದ ಇನ್ನೊಂದು ಕೇಸು ಮೈಮೇಲೆ ಬರುತ್ತದೆ. ಹುಡುಗಿಗೆ ಫೋನ್ ಮಾಡುವುದು, ಸ್ನೇಹಿತರ ಕೈಲಿ ಹೇಳಿಕಳಿಸುವುದು ಪೂರ್ತಿ ನಿಲ್ಲಬೇಕು. ಹಾಗೆಂದು ಫೋನಿನಲ್ಲಿರುವ ಹಳೆಯ ಚಾಟ್ ಅಳಿಸಬೇಡಿ. ಇಬ್ಬರ ನಡುವೆ ಏನಿತ್ತು ಎಂಬುದಕ್ಕೆ ಅದೇ ಸಾಕ್ಷಿಯಾಗಬಹುದು, ಅಳಿಸಿದರೆ ಸಾಕ್ಷ್ಯನಾಶದ ಮಾತು ಬರುತ್ತದೆ.

ಮಂಡಳಿಯ ಮುಂದೆ

ಮಂಡಳಿಯಲ್ಲಿ ಕೂರುವವರು ಮೂವರು: ಮೂರು ವರ್ಷದ ಅನುಭವವಾದರೂ ಇರುವ ಒಬ್ಬ ಮ್ಯಾಜಿಸ್ಟ್ರೇಟ್, ಇಬ್ಬರು ಸಮಾಜ ಕಾರ್ಯಕರ್ತರು, ಅವರಲ್ಲಿ ಒಬ್ಬರಾದರೂ ಮಹಿಳೆ. ಕಟಕಟೆ ಇರುವುದಿಲ್ಲ. ಮಗುವಿಗೆ ಮೊದಲೇ ಹೇಳಿಕೊಡಿ: ಕೇಳಿದ್ದು ಅರ್ಥವಾಗದಿದ್ದರೆ ‘ಅರ್ಥ ಆಗಲಿಲ್ಲ’ ಎನ್ನಬೇಕು, ಪೊಲೀಸರು ಹೊಡೆದಿದ್ದರೆ ಅಲ್ಲೇ ಹೇಳಬೇಕು. ಮನೆಗೆ ಬಂದ ಮೇಲೆ ಹೇಳಿದರೆ ಗಾಯ ಮಾಸಿರುತ್ತದೆ.

ಜಾಮೀನು ಇಲ್ಲಿ ನಿಯಮ, ನಿರಾಕರಣೆ ಅಪವಾದ. ಜಾಮೀನು ಸಿಗದ ಅಪರಾಧ ಎಂದು ಬೇರೆ ಕಾನೂನಿನಲ್ಲಿ ಇದ್ದರೂ 12ನೇ ಕಲಂ ಅದನ್ನು ಬದಿಗಿಡುತ್ತದೆ. ಮಂಡಳಿ ನಿರಾಕರಿಸಲು ಮೂರೇ ಕಾರಣ: ಬಿಟ್ಟರೆ ಮಗು ಗೊತ್ತಿರುವ ಅಪರಾಧಿಗಳ ಸಹವಾಸಕ್ಕೆ ಬೀಳುತ್ತದೆ, ಬಿಟ್ಟರೆ ಮಗುವಿಗೆ ನೈತಿಕ, ದೈಹಿಕ ಅಥವಾ ಮಾನಸಿಕ ಅಪಾಯವಿದೆ, ಬಿಟ್ಟರೆ ನ್ಯಾಯದ ಉದ್ದೇಶ ಕೆಡುತ್ತದೆ. ಗಮನಿಸಿ, ಮೂರರಲ್ಲಿ ಎರಡಕ್ಕೆ ಉತ್ತರ ಇರುವುದು ಮನೆಯಲ್ಲಿ. ಜೊತೆಗಿದ್ದ ಆರೋಪಿಗಳು ಪಕ್ಕದ ಬೀದಿಯವರೇ ಆಗಿದ್ದರೆ, ಹುಡುಗನನ್ನು ಕೆಲವು ತಿಂಗಳು ಬೇರೆ ಊರಿನ ಚಿಕ್ಕಪ್ಪನ ಮನೆಯಲ್ಲಿ ಇಡುತ್ತೇವೆ ಎಂದು ಹೇಳಿ, ಆ ಚಿಕ್ಕಪ್ಪನನ್ನೇ ಆಧಾರ್ ಸಮೇತ ಮಂಡಳಿಗೆ ಕರೆತನ್ನಿ. ‘ನೋಡ್ಕೊಳ್ತೀವಿ ಸಾರ್’ ಎಂಬ ಬಾಯಿಮಾತಿಗಿಂತ ಎದುರು ನಿಂತ ಮನುಷ್ಯ ಹೆಚ್ಚು.

ಅಂದು ಕೈಯಲ್ಲಿ ಇರಬೇಕಾದ ಫೈಲು:
– ವಯಸ್ಸಿನ ದಾಖಲೆ, ಮೂಲ ಮತ್ತು 3 ನಕಲು
– ಅಪ್ಪ, ಅಮ್ಮನ ಆಧಾರ್, ಪಡಿತರ ಚೀಟಿ, ಮನೆ ವಿಳಾಸಕ್ಕೆ ಒಂದು ದಾಖಲೆ
– ಶಾಲೆ ಅಥವಾ ಕಾಲೇಜಿನ ಹಾಜರಾತಿ ಪತ್ರ, ಕೊನೆಯ ಅಂಕಪಟ್ಟಿ
– ಆಸ್ಪತ್ರೆ ಚೀಟಿಗಳು. ಮೂರ್ಛೆ, ಕಲಿಕೆಯ ತೊಂದರೆ, ಮಾನಸಿಕ ಚಿಕಿತ್ಸೆ ಏನೇ ಇದ್ದರೂ
– ಮಗುವಿನ ಮತ್ತು ಪಾಲಕರ ಪಾಸ್‌ಪೋರ್ಟ್ ಅಳತೆಯ ಫೋಟೋ

ಜಾಮೀನಿಗೆ ಶ್ಯೂರಿಟಿ ಬೇಕೇಬೇಕೆಂದಿಲ್ಲ. ಪಾಲಕರ ಮುಚ್ಚಳಿಕೆಯ ಮೇಲೂ ಬಿಡಬಹುದು. ಹಾಕಿದ ಷರತ್ತು ಪೂರೈಸಲು ಆಗದೆ 7 ದಿನ ಕಳೆದರೆ ಮಗುವನ್ನು ಮತ್ತೆ ಮಂಡಳಿಯ ಮುಂದೆ ತಂದು ಷರತ್ತು ಸಡಿಲಿಸಬೇಕು. ಇದನ್ನು ತಿಳಿಯದೆ ಆಸ್ತಿ ಪತ್ರ ಹುಡುಕುತ್ತಾ ತಿಂಗಳುಗಟ್ಟಲೆ ವೀಕ್ಷಣಾಲಯದಲ್ಲಿ (ವಿಚಾರಣೆ ಮುಗಿಯುವವರೆಗೆ ಮಕ್ಕಳನ್ನು ಇಡುವ ಜಾಗ) ಮಕ್ಕಳನ್ನು ಬಿಟ್ಟವರಿದ್ದಾರೆ.

ಬಿಡುಗಡೆಯಾದ ಮೇಲೆ ವಾಯಿದೆ ತಪ್ಪಿಸಬೇಡಿ. ಅಪ್ಪನಿಗೆ ಕೂಲಿ ಹೋಗುತ್ತದೆ ನಿಜ, ಆದರೆ ಎರಡು ಸಲ ಗೈರಾದರೆ ‘ಮನೆಯವರ ಹಿಡಿತವಿಲ್ಲ’ ಎಂಬ ಸಾಲು ಕಡತಕ್ಕೆ ಹತ್ತುತ್ತದೆ. ಬರಲಾಗದ ದಿನ ಮೊದಲೇ ವಕೀಲರಿಗೂ ಪರಿವೀಕ್ಷಣಾಧಿಕಾರಿಗೂ (ಪ್ರೊಬೇಷನ್ ಆಫೀಸರ್) ಫೋನ್ ಮಾಡಿ. ವಿಚಾರಣೆ ಮೊದಲ ಹಾಜರಿಯಿಂದ 4 ತಿಂಗಳಲ್ಲಿ ಮುಗಿಯಬೇಕು, ಹೆಚ್ಚೆಂದರೆ ಇನ್ನು 2 ತಿಂಗಳು. ಸಣ್ಣ ಅಪರಾಧವಾಗಿದ್ದು ಆ ಅವಧಿಯೂ ಮೀರಿದರೆ ಪ್ರಕರಣವೇ ಅಲ್ಲಿಗೆ ಮುಗಿಯುತ್ತದೆ. ಇದನ್ನು ಕೇಳಿ ಪಡೆಯಬೇಕಾಗುತ್ತದೆ, ಆದ್ದರಿಂದ ಮೊದಲ ಹಾಜರಿಯ ದಿನಾಂಕ ಕ್ಯಾಲೆಂಡರಿನಲ್ಲಿ ಗುರುತಾಗಿರಲಿ.

‘ಒಪ್ಕೊಂಡ್ಬಿಡು, ಇವತ್ತೇ ಮುಗಿಯುತ್ತೆ’ ಎಂಬ ಸಲಹೆ ವರಾಂಡದಲ್ಲಿ ಧಾರಾಳವಾಗಿ ಸಿಗುತ್ತದೆ. ಮಾಡಿದ್ದೇ ಹೌದಾಗಿ, ಸಣ್ಣ ಅಪರಾಧವಾಗಿದ್ದು, ವಕೀಲರೂ ಒಪ್ಪಿದರೆ ಅದು ಸರಿಯಾದ ದಾರಿಯಿರಬಹುದು. ಮಾಡದ್ದನ್ನು ಒಪ್ಪಿಕೊಳ್ಳುವುದು, ಅಥವಾ ಗುಂಪಿನಲ್ಲಿ ಹಿರಿಯನೊಬ್ಬ ಮಾಡಿದ್ದನ್ನು ತಲೆಮೇಲೆ ಹಾಕಿಕೊಳ್ಳುವುದು ಬೇಡ.

ಪರಿವೀಕ್ಷಣಾಧಿಕಾರಿ ಮನೆಗೆ ಬಂದಾಗ

ಜನ ‘ಪಿ.ಒ.’ ಎಂದು ಕರೆಯುವ ಪರಿವೀಕ್ಷಣಾಧಿಕಾರಿ ನಮೂನೆ 6ರಲ್ಲಿ ಸಾಮಾಜಿಕ ತನಿಖಾ ವರದಿ ಬರೆಯುತ್ತಾರೆ, ಮೊದಲ ಹಾಜರಿಯಿಂದ ಎರಡು ವಾರದೊಳಗೆ. ಇಡೀ ಕಡತದಲ್ಲಿ ಮನೆಯವರ ಕೈಗೆ ಸಿಗುವ ಅತಿ ಮುಖ್ಯ ಕಾಗದ ಇದು. ಆದರೂ ಅರ್ಧಕ್ಕರ್ಧ ಮನೆಗಳಲ್ಲಿ ಪಿ.ಒ. ಬಂದಾಗ ಅಜ್ಜಿ ಒಬ್ಬರೇ ಇರುತ್ತಾರೆ, ಅವರು ಗಾಬರಿಯಲ್ಲಿ ‘ನಮ್ ಹುಡ್ಗ ಅಂಥೋನಲ್ಲ’ ಎಂದಷ್ಟೇ ಹೇಳಿ ಕಳಿಸುತ್ತಾರೆ. ವರದಿಯಲ್ಲಿ ‘ಪಾಲಕರು ಲಭ್ಯರಿರಲಿಲ್ಲ’ ಎಂದು ಬರುತ್ತದೆ.

ಮಂಡಳಿಯಲ್ಲೇ ಪಿ.ಒ. ಯಾರೆಂದು ತಿಳಿದು, ಫೋನ್ ನಂಬರ್ ಪಡೆದು, ಯಾವ ದಿನ ಬರುತ್ತೀರಿ ಎಂದು ನೀವೇ ಕೇಳಿ. ಅಂದು ಇಬ್ಬರೂ ಪಾಲಕರು ಇರಬೇಕು. ಅವರು ನೋಡುವುದು ಮನೆಯ ಸಿರಿವಂತಿಕೆಯನ್ನಲ್ಲ. ಹುಡುಗ ಮಲಗುವ ಜಾಗ ಎಲ್ಲಿ, ಪುಸ್ತಕ ಇಡಲು ಮೂಲೆಯಿದೆಯೇ, ಸಂಜೆ ಅವನು ಬರುವ ಹೊತ್ತಿಗೆ ಮನೆಯಲ್ಲಿ ಯಾರಿರುತ್ತಾರೆ, ಶಾಲೆ ಬಿಟ್ಟದ್ದು ಯಾವಾಗ, ಯಾಕೆ, ಮನೆಯಲ್ಲಿ ಕುಡಿತವಿದೆಯೇ, ಹೊಡೆತವಿದೆಯೇ, ಗೆಳೆಯರು ಯಾರು, ಅವರ ವಯಸ್ಸೆಷ್ಟು. ಅಕ್ಕಪಕ್ಕದವರನ್ನೂ ಮೇಷ್ಟ್ರನ್ನೂ ಕೇಳುತ್ತಾರೆ.

ಇಲ್ಲಿ ಎಲ್ಲ ಸರಿಯಿದೆ ಎಂದು ಹೇಳುವುದೇ ದೊಡ್ಡ ತಪ್ಪು. ಎಲ್ಲ ಸರಿಯಿದ್ದ ಮನೆಯ ಹುಡುಗ ಹೀಗೆ ಮಾಡಿದನೆಂದರೆ ದೋಷ ಹುಡುಗನದೇ ಎಂದಾಗುತ್ತದೆ, ಆಗ ಹೊರಗಿನ ಬಿಗಿ ಬೇಕೆಂದು ಶಿಫಾರಸು ಬರುತ್ತದೆ. ಎಂಟನೇ ತರಗತಿಯಲ್ಲಿ ಗಣಿತ ಅರ್ಥವಾಗದೆ ಕ್ಲಾಸು ತಪ್ಪಿಸತೊಡಗಿದ, ಅಪ್ಪ ಲಾರಿಗೆ ಹೋದ ದಿನಗಳಲ್ಲೇ ಹೊರಗೆ ಉಳಿಯುತ್ತಿದ್ದ, ಆರು ತಿಂಗಳಿಂದ ಪಂಕ್ಚರ್ ಸೊಲ್ಯೂಷನ್ ಮೂಸುತ್ತಿದ್ದಾನೆಂದು ಈಗ ಗೊತ್ತಾಯಿತು ಎಂದು ಹೇಳಿದರೆ, ಅದರ ಬೆನ್ನಿಗೇ ನೀವು ಏನು ಮಾಡುತ್ತಿದ್ದೀರಿ ಎಂದೂ ಹೇಳಬಹುದು. ಟ್ಯೂಷನ್‌ಗೆ ಮಾತಾಡಿದ್ದೇವೆ, ಆಸ್ಪತ್ರೆಗೆ ಗುರುವಾರ ತೋರಿಸಿದ್ದೇವೆ, ಚೀಟಿ ಇಲ್ಲಿದೆ. ಕಾರಣ ಮತ್ತು ಅದಕ್ಕೆ ಶುರುವಾದ ಪರಿಹಾರ ಎರಡೂ ಇರುವ ವರದಿ ಮನೆಗೇ ಕಳಿಸುವ ಆದೇಶಕ್ಕೆ ದಾರಿ. ಘಟನೆಯ ವಿವರಕ್ಕೆ ಮಾತ್ರ ಇಳಿಯಬೇಡಿ. ಅದನ್ನು ವಕೀಲರಿಗೆ ಬಿಡಿ.

ನಮೂನೆ 7ರ ವೈಯಕ್ತಿಕ ಆರೈಕೆ ಯೋಜನೆ ಇದರ ಮೇಲೇ ಕಟ್ಟುವಂಥದ್ದು: ಓದು, ಆರೋಗ್ಯ, ಮನಸ್ಸು, ಕಸುಬು, ಮನೆಯ ನಂಟು. ‘ಕೌನ್ಸೆಲಿಂಗ್ ನೀಡುವುದು’ ಎಂಬ ಒಂದೇ ಸಾಲು ಅಲ್ಲಿದ್ದರೆ ಒಪ್ಪಬೇಡಿ. ಯಾರು, ಎಲ್ಲಿ, ವಾರಕ್ಕೆಷ್ಟು ಸಲ, ಎಷ್ಟು ತಿಂಗಳು ಎಂದು ಬರೆಸಿ.

ಹದಿನಾರು ದಾಟಿ, ಘೋರ ಆರೋಪವಿದ್ದರೆ

ವಯಸ್ಕರಂತೆ ವಿಚಾರಿಸಬೇಕೇ ಎಂದು ತೀರ್ಮಾನಿಸುವ 15ನೇ ಕಲಂನ ಪ್ರಾಥಮಿಕ ಮೌಲ್ಯಮಾಪನ ನಡೆಯುವುದು ಇಂಥ ಮಕ್ಕಳಿಗೆ ಮಾತ್ರ. ಅಪರಾಧ ಎಸಗುವ ದೈಹಿಕ, ಮಾನಸಿಕ ಸಾಮರ್ಥ್ಯ ಇತ್ತೇ, ಪರಿಣಾಮ ಅರ್ಥವಾಗುತ್ತಿತ್ತೇ, ಯಾವ ಸಂದರ್ಭದಲ್ಲಿ ನಡೆಯಿತು ಎಂದು ಮಂಡಳಿ ನೋಡುತ್ತದೆ. ಇದು ವಿಚಾರಣೆಯಲ್ಲ, ಮಾಡಿದನೋ ಇಲ್ಲವೋ ಎಂಬ ತೀರ್ಮಾನವೂ ಅಲ್ಲ. ಬುದ್ಧ್ಯಂಕ ಪರೀಕ್ಷೆಯ ಒಂದು ಅಂಕಿ ಹಿಡಿದು ಮುಗಿಸುವಂಥದ್ದಂತೂ ಅಲ್ಲ. ಮಂಡಳಿಯಲ್ಲಿ ಮಕ್ಕಳ ಮನೋವಿಜ್ಞಾನ ಅಥವಾ ಮನೋವೈದ್ಯಕೀಯದಲ್ಲಿ ಪದವಿ ಪಡೆದವರಿಲ್ಲದಿದ್ದರೆ ತಜ್ಞರ ನೆರವು ಪಡೆಯಲೇಬೇಕು ಎಂದು ಸುಪ್ರೀಂ ಕೋರ್ಟ್ 2022ರ ಬರುಣ್ ಚಂದ್ರ ಠಾಕೂರ್ ಪ್ರಕರಣದಲ್ಲಿ ಹೇಳಿದೆ. ತಜ್ಞರ ವರದಿ ಬಂದ ಮೇಲೆ ಅದರ ಸಾರ ತಿಳಿಸಿ ಎಂದು ಅರ್ಜಿ ಹಾಕಿ, ಹಳೆಯ ಚಿಕಿತ್ಸೆಯ ದಾಖಲೆ, ಶಾಲೆಯ ವರದಿ ಏನಿದ್ದರೂ ಆಗಲೇ ಸಲ್ಲಿಸಿ.

ಇದಕ್ಕೆ ಕಾಯ್ದೆ ಕೊಟ್ಟ ಅವಧಿ ಮೊದಲ ಹಾಜರಿಯಿಂದ 3 ತಿಂಗಳು. ಆದರೆ ಅವಧಿ ಮೀರಿತೆಂದು ಪ್ರಕ್ರಿಯೆ ಬಿದ್ದುಹೋಗದು. ಕರ್ನಾಟಕದಿಂದಲೇ ಹೋದ ಪ್ರಕರಣವೊಂದರಲ್ಲಿ 2024ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಹಾಗೆಂದು ತೀರ್ಮಾನಿಸಿದೆ, ಮೌಲ್ಯಮಾಪನದ ಆದೇಶದ ಮೇಲೆ ಮೇಲ್ಮನವಿಗೆ 30 ದಿನ ಎಂದೂ ಸ್ಪಷ್ಟಪಡಿಸಿದೆ. ಆ ಮೂವತ್ತು ದಿನ ಕೈತಪ್ಪಬಾರದು. ವಯಸ್ಕರಂತೆ ವಿಚಾರಿಸಬೇಕೆಂದು ಮಂಡಳಿ ಕಳಿಸಿದರೂ ಮಕ್ಕಳ ನ್ಯಾಯಾಲಯ 19ನೇ ಕಲಂ ಪ್ರಕಾರ ತಾನೇ ಮತ್ತೊಮ್ಮೆ ನಿರ್ಧರಿಸಬೇಕು. ಶಿಕ್ಷೆಯಾದರೂ 21 ತುಂಬುವವರೆಗೆ ಜೈಲಲ್ಲ, ‘ಸುರಕ್ಷಿತ ಸ್ಥಳ’ ಎಂಬ ಬೇರೆ ಸಂಸ್ಥೆಗೆ. ಮರಣದಂಡನೆ ಮತ್ತು ಬಿಡುಗಡೆಯ ಅವಕಾಶವೇ ಇಲ್ಲದ ಜೀವಾವಧಿ ಮಕ್ಕಳಿಗೆ ಇಲ್ಲ.

ಆದೇಶ

ಮಂಡಳಿ 18ನೇ ಕಲಂ ಅಡಿ ಬುದ್ಧಿಹೇಳಿ ಬಿಡಬಹುದು, ಗುಂಪು ಸಮಾಲೋಚನೆಗೆ ಕಳಿಸಬಹುದು, ಸಮುದಾಯ ಸೇವೆ ವಿಧಿಸಬಹುದು, ಪಾಲಕರಿಗೆ ದಂಡ ಹಾಕಬಹುದು, ಸನ್ನಡತೆಯ ಮೇಲೆ ಮನೆಗೆ ಕಳಿಸಬಹುದು, ಕೊನೆಗೆ ತಪ್ಪು ಸಾಬೀತಾದ ಮಕ್ಕಳನ್ನು ಇರಿಸುವ ವಿಶೇಷ ಗೃಹಕ್ಕೆ. ಕೊನೆಯ ಎರಡಕ್ಕೂ ಗರಿಷ್ಠ ಮಿತಿ 3 ವರ್ಷ. ಜೊತೆಗೆ ಶಾಲೆಗೆ ಹೋಗಬೇಕು, ಕಸುಬು ಕಲಿಯಬೇಕು, ವ್ಯಸನಮುಕ್ತಿ ಚಿಕಿತ್ಸೆ ಪಡೆಯಬೇಕು, ಇಂಥ ಜಾಗಕ್ಕೆ ಕಾಲಿಡಬಾರದು ಎಂದೂ ಸೇರಿಸಬಹುದು. ಸಮುದಾಯ ಸೇವೆಯ ಆದೇಶವಾದರೆ ಜಾಗ ಮತ್ತು ಹೊತ್ತು ಶಾಲೆಗೆ ಅಡ್ಡಿಯಾಗದಂತೆ ಅಂದೇ ಕೇಳಿಕೊಳ್ಳಿ.

ವಿಶೇಷ ಗೃಹಕ್ಕೆ ಹೋದ ಮಗುವನ್ನು ಮರೆಯುವ ಮನೆಗಳಿವೆ. ದೂರ, ಖರ್ಚು, ನಾಚಿಕೆ. ಭೇಟಿ ನಿಂತರೆ ಹುಡುಗ ಒಳಗಿನ ಗುಂಪನ್ನೇ ಮನೆ ಮಾಡಿಕೊಳ್ಳುತ್ತಾನೆ. ನಿಗದಿತ ಭೇಟಿಯ ದಿನ ತಪ್ಪಿಸಬೇಡಿ. ಹೋದಾಗ ಕೇಸಿನ ಮಾತು ಕಡಿಮೆ ಮಾಡಿ, ಮೈಮೇಲೆ ಗಾಯವಿದೆಯೇ, ತೂಕ ಇಳಿದಿದೆಯೇ ನೋಡಿ. ಮಂಡಳಿ ತಿಂಗಳಿಗೊಮ್ಮೆಯಾದರೂ ಇಂಥ ಸಂಸ್ಥೆಗಳನ್ನು ಪರಿಶೀಲಿಸಬೇಕು. ದೂರಿದ್ದರೆ ಬರೆದು ಅವರಿಗೇ ಕೊಡಿ. ಬಿಡುಗಡೆಗೆ ಎರಡು ತಿಂಗಳು ಇರುವಾಗಲೇ ಶಾಲೆ ಅಥವಾ ಕಸುಬಿನ ಏರ್ಪಾಡು ಶುರುಮಾಡಿ. ಒಳಗಿರುವಾಗಲೇ 18 ತುಂಬಿ ಹೊರಬರುವವರಿಗೆ 46ನೇ ಕಲಂ ಅಡಿ ಅನುಪಾಲನೆಯ (ಆಫ್ಟರ್ ಕೇರ್) ಆರ್ಥಿಕ ನೆರವಿದೆ, ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ಅರ್ಜಿ.

ಮನೆಗೆ ಬಂದ ಮೇಲೆ

ಮೊದಲ ವಾರ ವಿಚಾರಣೆ ಬೇಡ. ನೆಂಟರು ಒಬ್ಬೊಬ್ಬರಾಗಿ ಬಂದು ‘ಯಾಕಪ್ಪ ಹಿಂಗ್ ಮಾಡ್ದೆ’ ಎಂದು ಕೇಳುವುದಕ್ಕೆ ತಡೆ ಹಾಕಿ. ಕೇಳಿದವರಿಗೆ ಮನೆಯವರೆಲ್ಲ ಒಂದೇ ಉತ್ತರ ಹೇಳುವಂತೆ ಮೊದಲೇ ಮಾತಾಡಿಕೊಳ್ಳಿ.

ಶಾಲೆಗೆ ಮರಳಿಸುವುದು ಎರಡನೆಯ ವಾರದೊಳಗೆ ಆಗಬೇಕು. ತಡವಾದಷ್ಟೂ ಹುಡುಗನೇ ಹೋಗಲು ಒಪ್ಪುವುದಿಲ್ಲ. ಮುಖ್ಯೋಪಾಧ್ಯಾಯರಿಗೆ ಕೇಸಿನ ಕಾಗದ ತೋರಿಸಬೇಕಾಗಿಲ್ಲ. ‘ಕಾನೂನಿನ ಒಂದು ವಿಷಯ ಇತ್ತು, ಮಂಡಳಿ ಓದು ಮುಂದುವರಿಸಲು ಹೇಳಿದೆ, ಸೋಮವಾರದಿಂದ ಬರುತ್ತಾನೆ’ ಎಂದರೆ ಸಾಕು. ಟಿ.ಸಿ. ತೆಗೆದುಕೊಂಡು ಹೋಗಿ ಎಂದರೆ, ಎಂಟನೇ ತರಗತಿ ಮುಗಿಯುವವರೆಗೆ ಯಾವ ಮಗುವನ್ನೂ ಶಾಲೆಯಿಂದ ಹೊರಹಾಕುವಂತಿಲ್ಲ ಎಂಬುದು ಶಿಕ್ಷಣ ಹಕ್ಕು ಕಾಯ್ದೆಯ 16ನೇ ಕಲಂ. ಮೇಲಿನ ತರಗತಿಯಾದರೆ ಪಿ.ಒ. ಮೂಲಕ ಮಂಡಳಿಯ ನಿರ್ದೇಶನ ಕೇಳಿ. ಓದು ಪೂರ್ತಿ ಹಿಂದೆ ಬಿದ್ದಿದ್ದರೆ ಮುಕ್ತ ಶಾಲೆಯಿಂದ ಹತ್ತನೇ ತರಗತಿ, ಇಲ್ಲವೇ ಐಟಿಐ. 14 ತುಂಬಿದವರಿಗೆ ಪ್ರವೇಶವಿದೆ. ಗ್ಯಾರೇಜು, ವೆಲ್ಡಿಂಗ್ ಅಂಗಡಿಗೆ ಕೆಲಸಕ್ಕೆ ಹಾಕುವ ಮುನ್ನ ನೆನಪಿರಲಿ: 14ರ ಕೆಳಗೆ ಕೆಲಸವೇ ನಿಷಿದ್ಧ, 18ರವರೆಗೆ ಅಪಾಯಕಾರಿ ಕೆಲಸ ನಿಷಿದ್ಧ. ಮಗನನ್ನು ದಾರಿಗೆ ತರಲು ಹೋಗಿ ಇನ್ನೊಂದು ಕೇಸಾಗುವುದು ಬೇಡ.

ಗಂಡಾಂತರದ ಹೊತ್ತು ಸಂಜೆ, ಶಾಲೆ ಬಿಟ್ಟಾಗಿನಿಂದ ಊಟದವರೆಗೆ. ಮೊದಲ ಮೂರು ತಿಂಗಳು ಆ ಹೊತ್ತಿಗೆ ಹೆಸರಿರುವ ಕೆಲಸ ಬೇಕು: ಕಬಡ್ಡಿ ತಂಡ, ಟ್ಯೂಷನ್, ಕಂಪ್ಯೂಟರ್ ಕ್ಲಾಸು, ಮಾವನ ಅಂಗಡಿಯ ಲೆಕ್ಕ ಬರೆಯುವುದು. ‘ಹಳೇ ಗೆಳೆಯರ ಸಹವಾಸ ಬಿಡು’ ಎಂದರೆ ಬಿಡುವುದಿಲ್ಲ; ಹೋಗಲು ಬೇರೆ ಜಾಗ ಇದ್ದರೆ ಮಾತ್ರ ಬಿಡುತ್ತಾನೆ. ಮನೆಯ ನಿಯಮ ಮೂರಕ್ಕಿಂತ ಹೆಚ್ಚು ಬೇಡ. ರಾತ್ರಿ ಎಂಟಕ್ಕೆ ಮನೆ, ಹೊರಗೆ ಹೋದರೆ ಎಲ್ಲಿ ಎಂಬ ಮಾಹಿತಿ, ಶಾಲೆಗೆ ಗೈರಿಲ್ಲ. ಮುರಿದರೆ ಮರುದಿನವೇ ಸಣ್ಣ ದಂಡನೆ, ಹೇಳಿದಷ್ಟೇ. ಇಪ್ಪತ್ತು ನಿಯಮ ಹಾಕಿ ಒಂದನ್ನೂ ನಡೆಸದ ಮನೆಯಲ್ಲಿ ಹುಡುಗ ಕಲಿಯುವುದು ನಿಯಮಕ್ಕೆ ಬೆಲೆಯಿಲ್ಲ ಎಂಬುದನ್ನು.

ಬೈಕಿನ ಕೀ ಎಲ್ಲಿಡುತ್ತೀರೆಂದು ನೋಡಿಕೊಳ್ಳಿ. ಅಪ್ರಾಪ್ತರು ಗಾಡಿ ಓಡಿಸಿ ಅಪರಾಧವಾದರೆ ಮೋಟಾರು ವಾಹನ ಕಾಯ್ದೆಯ 199ಎ ಕಲಂ ಅಡಿ ಪಾಲಕರಿಗೋ ಮಾಲೀಕರಿಗೋ 3 ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ, ಗಾಡಿಯ ನೋಂದಣಿ 12 ತಿಂಗಳು ರದ್ದು, ಹುಡುಗನಿಗೆ 25 ತುಂಬುವವರೆಗೆ ಲೈಸೆನ್ಸ್ ಇಲ್ಲ.

ವ್ಯಸನವಿದ್ದರೆ ಮೊದಲು ಜಿಲ್ಲಾ ಆಸ್ಪತ್ರೆಯ ಮನೋವೈದ್ಯರು. ಬೆಂಗಳೂರಿನಲ್ಲಿ ನಿಮ್ಹಾನ್ಸ್, ಧಾರವಾಡದಲ್ಲಿ ಡಿಮ್ಹಾನ್ಸ್ ಇವೆ. ದಿಕ್ಕು ತೋಚದಿದ್ದರೆ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416. ವಯಸ್ಕ ಕುಡುಕರನ್ನು ಕೂಡಿಹಾಕುವ ಖಾಸಗಿ ಕೇಂದ್ರಗಳಿಗೆ ಮಕ್ಕಳನ್ನು ಸೇರಿಸಬೇಡಿ, ಅಲ್ಲಿ ಹೊಸ ಚಟ ಕಲಿತು ಬರುವುದೇ ಹೆಚ್ಚು.

ಎರಡು ದಿನ ಶಾಲೆಗೆ ಚಕ್ಕರ್, ಎಲ್ಲಿಂದ ಬಂತೆಂದು ಗೊತ್ತಿಲ್ಲದ ಫೋನು, ರಾತ್ರಿ ಹೊರಗೆ ಉಳಿದದ್ದು, ಇಂಥದ್ದು ಕಂಡರೆ ಮುಚ್ಚಿಡದೆ ಪಿ.ಒ.ಗೆ ನೀವೇ ಹೇಳಿ. ಪೊಲೀಸರ ಬಾಯಿಂದ ಕೇಳಿದಾಗ ಅದು ಷರತ್ತಿನ ಉಲ್ಲಂಘನೆ, ಅಮ್ಮನ ಬಾಯಿಂದ ಕೇಳಿದಾಗ ನೆರವಿನ ಕೋರಿಕೆ. ದೂರುದಾರರ ಮನೆಗೆ ಹುಡುಗನನ್ನು ಕರೆದುಕೊಂಡು ಹೋಗಿ ಕಾಲಿಗೆ ಬೀಳಿಸುವುದು ಬೇಡ. ಒತ್ತಡ ಹೇರಿದರು ಎಂಬ ಹೊಸ ದೂರಿಗೆ ಅದೇ ಸಾಕು. ಕ್ಷಮೆ, ನಷ್ಟ ಭರ್ತಿ ಏನಿದ್ದರೂ ಮಂಡಳಿಯ ಮೂಲಕ.

ದಾಖಲೆ

ಮಗುವಿನ ಹೆಸರು, ಫೋಟೋ, ಶಾಲೆ, ವಿಳಾಸ ಪ್ರಕಟಿಸುವಂತಿಲ್ಲ. 74ನೇ ಕಲಂ ಪ್ರಕಾರ 6 ತಿಂಗಳವರೆಗೆ ಜೈಲು, 2 ಲಕ್ಷದವರೆಗೆ ದಂಡ, ಅಥವಾ ಎರಡೂ. ಊರಿನ ಯೂಟ್ಯೂಬ್ ಚಾನೆಲ್ಲಿಗೂ ವಾಟ್ಸಾಪ್ ಗ್ರೂಪಿನಲ್ಲಿ ಹಾಕಿದವರಿಗೂ ಇದೇ ಕಾನೂನು. ಕಂಡ ತಕ್ಷಣ ಲಿಂಕ್ ಮತ್ತು ದಿನಾಂಕ ಸಮೇತ ಸ್ಕ್ರೀನ್‌ಶಾಟ್ ತೆಗೆದು ಮಂಡಳಿಗೆ ಕೊಡಿ. ಅಳಿಸಿ ಎಂದು ಅವರೊಡನೆ ಜಗಳವಾಡಿದರೆ ಸಾಕ್ಷಿಯೇ ಅಳಿಸಿಹೋಗುತ್ತದೆ.

ಪ್ರಕರಣ ಮುಗಿದ ಮೇಲೆ ನಡತೆ ಪ್ರಮಾಣಪತ್ರಕ್ಕಾಗಿ ಪೊಲೀಸರು ಈ ದಾಖಲೆಯನ್ನು ಹೊರಗೆಡಹುವಂತಿಲ್ಲ. ತಪ್ಪು ಸಾಬೀತಾಗಿದ್ದರೂ 24ನೇ ಕಲಂ ಪ್ರಕಾರ ಯಾವ ಅನರ್ಹತೆಯೂ ಅಂಟುವುದಿಲ್ಲ, ಮೇಲ್ಮನವಿಯ ಅವಧಿ ಅಥವಾ ನಿಗದಿತ ಕಾಲ ಕಳೆದ ಮೇಲೆ ದಾಖಲೆ ನಾಶವಾಗಬೇಕು. ಮಾದರಿ ನಿಯಮ 14 ಕೊಡುವ ಹೊರಮಿತಿ 7 ವರ್ಷ. ಹದಿನಾರು ದಾಟಿ ಮಕ್ಕಳ ನ್ಯಾಯಾಲಯದಲ್ಲಿ ವಯಸ್ಕರಂತೆ ವಿಚಾರಣೆಯಾಗಿ ಶಿಕ್ಷೆಯಾದವರಿಗೆ ಮಾತ್ರ ಈ ರಕ್ಷಣೆ ಇಲ್ಲ. ಕಾನೂನಿನಲ್ಲಿ ಹೀಗಿದ್ದರೂ ಠಾಣೆಯ ಕಂಪ್ಯೂಟರಿನಲ್ಲಿ ಹೆಸರು ಉಳಿದುಬಿಡುವುದುಂಟು, ಐದಾರು ವರ್ಷದ ಮೇಲೆ ಕೆಲಸದ ಪೊಲೀಸ್ ವೆರಿಫಿಕೇಷನ್‌ನಲ್ಲಿ ಅದು ತಲೆಯೆತ್ತುತ್ತದೆ. ಅವಧಿ ಮುಗಿದ ಕೂಡಲೇ ದಾಖಲೆ ನಾಶಪಡಿಸುವಂತೆ ಮಂಡಳಿಗೆ ಅರ್ಜಿ ಕೊಡಿ, ಆ ಆದೇಶ ಠಾಣೆಗೂ ಹೋಗಲಿ ಎಂದು ಅರ್ಜಿಯಲ್ಲೇ ಬರೆಯಿರಿ, ಸ್ವೀಕೃತಿ ಪಡೆಯಿರಿ. ಅಂತಿಮ ಆದೇಶದ ಒಂದು ದೃಢೀಕೃತ ಪ್ರತಿಯನ್ನು ಮಾತ್ರ ಮನೆಯಲ್ಲಿ ಉಳಿಸಿಕೊಳ್ಳಿ. ಅರ್ಜಿ ನಮೂನೆಯಲ್ಲಿ ‘ನಿಮ್ಮ ಮೇಲೆ ಪ್ರಕರಣವಿತ್ತೇ’ ಎಂಬ ಅಂಕಣ ಬಂದಾಗ ಅಂದಾಜಿಗೆ ತುಂಬದೆ, ಆ ಪ್ರತಿಯನ್ನು ಹಿಡಿದು ವಕೀಲರನ್ನು ಕೇಳಿ ತುಂಬಿ.